ಸೊನ್ನೆ ಟಿಕೆಟ್ಟು

ಹೆಸರು ಕೇಳಿದೆ, ತಾಯಿ ಹೇಳಿದಳು.
ವಯಸ್ಸು ಕೇಳಿದೆ, ತಾಯಿ ಹೇಳಿದಳು.
'ಅಕಿ ದಾನೇಶ್ವರಿ ರೀ, ಹನ್ನೊಂದು ತುಂಬ್ಯಾವ,
ಬಜಿ ತೇದು ನಾಲಿಗಿಗೆ ಹಚ್ಚೀವಿ, ಜೇನುತುಪ್ಪ ಹಚ್ಚೀವಿ,
ಅವರಜ್ಜ ಅಂತೂ ಬಾಯಾಗ ಹರಳಿಟ್ಟು ಮಾತಾಡಸ್ತಿದ್ದ...'
ಹೊರಗಿನ ಬೆಂಚು ತೋರಿಸಿದೆ.
ಬಾಗಿಲು ಮುಚ್ಚಿದ ಮೇಲೆ ಉಳಿದದ್ದು
ಫ್ಯಾನಿನ ಸದ್ದು, ಒಂದು ರೆಕಾರ್ಡರು,
ನನ್ನ ಎಡಗೈಯಲ್ಲಿ ಸ್ಟಾಪ್‌ವಾಚು,
ಕುರ್ಚಿಯ ಕಾಲಿಗೆ ಕಾಲು ಸುತ್ತಿಕೊಂಡ ಹುಡುಗಿ.

ನನ್ನ ಕೆಲಸ ಎಣಿಸುವುದು.
ಮುನ್ನೂರು ಅಕ್ಷರದ ಹಾದಿಯಲ್ಲಿ ಎಷ್ಟು ಕಡೆ ಎಡವಿದರು.
ಒಂದೇ ಅಕ್ಷರ ಮತ್ತೆ ಮತ್ತೆ ಬಂದರೆ ಒಂದು ಗೆರೆ,
ಹ್ರಸ್ವವೆಲ್ಲ ದೀರ್ಘವಾಗಿ ಎಳೆದುಕೊಂಡು ಹೋದರೆ ಅಡ್ಡಗೆರೆ,
ತುಟಿ ಸಿದ್ಧವಾಗಿ, ಗಂಟಲು ಸಿದ್ಧವಾಗಿ
ಏನೂ ಬಾರದಿದ್ದರೆ ಕಪ್ಪು ಚುಕ್ಕಿ.
ರೆಪ್ಪೆ ಬಡಿದರೆ ಬೇರೆ ಕಾಲಂ.
ಹೆಬ್ಬೆರಳು ಮುಷ್ಟಿಯೊಳಗೆ ಅಡಗಿದರೆ
ಅದಕ್ಕೂ ಒಂದು ಅಂಕ.

ಮಗ್ಗಿ ಹೇಳು ಅಂದೆ, ಜೊತೆಗೆ ನಾನೂ ಹೇಳಿದೆ.
ಹದಿಮೂರರ ಮಗ್ಗಿ, ಗೋಲಿ ಉರುಳಿದ ಹಾಗೆ.
ಹದಿಮೂರೇಳಲೆ ಎಂಬಲ್ಲಿ ತಪ್ಪಿದ್ದು ನಾನು,
ತೊಂಬತ್ತೊಂದು ಎಂದು ತಿದ್ದಿದ್ದು ಅವಳು.
ಹಾಳೆ ಬಿಳಿ.

ಪಾಠ ಓದಿಸಿದೆ: ಐದು ಗೆರೆ, ಎರಡು ಚುಕ್ಕಿ.
ಚಿತ್ರ ತೋರಿಸಿದೆ.
'ಎಮ್ಮಿ ಐತಿ. ಎಮ್ಮಿ ಮ್ಯಾಲ ಹಕ್ಕಿ ಐತಿ.
ಅದರೀ, ಉದ್ದ ಕೊಕ್ಕಿಂದು, ಹಾಲಿನಂಗ ಇರತೈತಲ್ರೀ, ಅದು.'
ಒಂದೂ ತಡೆಯಿಲ್ಲ.
ಹನ್ನೊಂದರ ಹುಡುಗಿಗೆ ಆ ಹಕ್ಕಿಯ ಹೆಸರು ಗೊತ್ತಿಲ್ಲವೆ?
'ಶಬ್ದಸಂಪತ್ತು ಕಡಿಮೆ' ಎಂದು ಬರೆದುಕೊಂಡೆ.
ಕೂಡಿಸಿ ಭಾಗಿಸಿದೆ. ಶೇಕಡಾ ಎರಡು ಚಿಲ್ಲರೆ.
ಹಾಳೆಯ ಲೆಕ್ಕದಲ್ಲಿ: ಸೌಮ್ಯ.

ಕೊನೆಯ ಪ್ರಶ್ನೆ ಉಳಿದಿತ್ತು,
ಹೌದು ಇಲ್ಲದ ಪ್ರಶ್ನೆ, ಅವಸರದಲ್ಲಿ ಮುಗಿಸುವಂಥದು.
ಬಾರದ ಶಬ್ದ ಬಿಟ್ಟು ಬೇರೆ ಶಬ್ದ ಹೇಳಿದ್ದುಂಟೇನು?
ಅವಳು ಬಾಗಿಲು ನೋಡಿದಳು.
ತುಟಿ ಕೂಡಿದವು. ಕುತ್ತಿಗೆಯ ನರ ಉಬ್ಬಿತು.
ರೂಢಿಯಂತೆ ನನ್ನ ಹೆಬ್ಬೆರಳು ಗುಂಡಿ ಒತ್ತಿತು.
'ಬಸ್ಸಿನ್ಯಾಗ' ಎಂಬ ಮಾತಿನ ಬ ಹೊರಬೀಳಲು
ಏಳು ಸೆಕೆಂಡು.

ಚಿಗರಿ ಅಲ್ಲ, ಸಿಟಿ ಬಸ್ಸು.
ಹುಡುಗ್ಯಾರಿಗೆ ಟಿಕೆಟ್ಟು ಪುಕ್ಕಟೆ.
ಕಂಡಕ್ಟರ್ ರೊಕ್ಕ ಕೇಳುವುದಿಲ್ಲ, ಊರು ಕೇಳುತ್ತಾನೆ.
ಅವಳ ಹತ್ತಿರ ಇಲ್ಲದ್ದು ಅದೊಂದೇ.
ಮನೆಯಿರುವುದು ಬೈರಿದೇವರಕೊಪ್ಪದಲ್ಲಿ,
ಅವಳು ಹೇಳುವುದು ಉಣಕಲ್ಲು.
ಸ್ವರದಿಂದ ಶುರುವಾಗುವ ಊರು,
ಬಾಯಿ ತೆರೆದರೆ ತಾನೇ ಬರುತ್ತದೆ.
ಅಲ್ಲೇ ಇಳಿಯುತ್ತಾಳೆ, ಟಿಕೆಟ್ಟು ಅಲ್ಲಿಯ ತನಕವೇ.
ಚೀಲ ಹೊತ್ತು ಕೆರೆ ದಾಟಿ ನಡೆಯುತ್ತಾ
ಹೇಳದೆ ಉಳಿದ ಹೆಸರನ್ನು ಹಾದಿಯುದ್ದಕ್ಕೂ ಹೇಳುತ್ತಾಳೆ,
ಬೈರಿದೇವರಕೊಪ್ಪ, ಬೈರಿದೇವರಕೊಪ್ಪ.
ಅಲ್ಲಿ ಸರಾಗ ಬರುತ್ತದಂತೆ.
'ಯಾರಿಗೆ ಹೇಳ್ತಿ?'
'ಬ, ಬ, ಬೆಳ್ಳಕ್ಕಿಗೋಳಿಗೆ.'

ಶಬ್ದಸಂಪತ್ತಿನ ಸಾಲು ಹೊಡೆದುಹಾಕಿದೆ.

'ಯಾವಾಗಿಂದ?' 'ಮೂರನೇ ಕ್ಲಾಸಿನಿಂದ್ರೀ.
ಅವ್ವಗ ಬಸ್ಸು ತಡಾ ಅಂತ ಹೇಳೇನಿ.'

ನನ್ನ ಹಾಳೆಯಲ್ಲಿ ನಡಿಗೆಗೆ ಕಾಲಂ ಇಲ್ಲ.
ಸೌಮ್ಯ ಎಂಬುದರ ಪಕ್ಕದ ಅಂಚಿನಲ್ಲಿ
ಪೆನ್ಸಿಲಿನಿಂದ ಬರೆದೆ: ಉಣಕಲ್ಲಿನಿಂದ, ನಡೆದು, ಮೂರು ವರ್ಷ.
ತಾಯಿ ಒಳಗೆ ಬಂದು 'ಕಮ್ಮಿ ಐತ್ರೀ?' ಅಂದಳು.
ಗುರುವಾರ ಮತ್ತೆ ಬರ್ರಿ ಅಂದೆ.
ಆ ಪ್ರಶ್ನೆಗೆ ನಾನೂ ಬೇರೆ ಶಬ್ದ ಹೇಳಿದ್ದೆ.

ಸಂಜೆ ವಿದ್ಯಾನಗರದಲ್ಲಿ ಬಸ್ಸು ಹತ್ತಿದೆ.
'ಎಲ್ಲಿಗ್ರೀ ಮೇಡಂ?'
ಬಾಯಿ ಬಿಡಲಿಲ್ಲ. ಎಣಿಸಿದೆ.
ಒಂದು. ಎರಡು.
'ಲಗೂ ಹೇಳ್ರೀ' ಅಂದ. ಮೂರಕ್ಕೆ
ಅವನ ಕೈ ಹಿಂದಿನ ಸೀಟಿಗೆ ಹೋಗಿತ್ತು.
ಕೆಟ್ಟ ಮನುಷ್ಯನಲ್ಲ. ಹೊಸೂರು ಬರುವುದರೊಳಗೆ
ಅರವತ್ತು ಜನರ ಊರು ಕೇಳಬೇಕು ಅವನು.