ಬಲಗಾಲಿನ ಲೆಕ್ಕ

ಲಷ್ಕರ್ ಮೊಹಲ್ಲದ ಮೂಲೆಯಲ್ಲಿ ಕೂತು
ನಾನು ನೋಡಿದ್ದು ಆಟವನ್ನಲ್ಲ, ಬೂಟನ್ನು.

ಮಿಲ್ಲಿನವರು ಚೌರಪ್ಪನನ್ನು ಕೊಂಡ ವರ್ಷ
(ಪಂದ್ಯಕ್ಕೆ ಎರಡೂವರೆ ರೂಪಾಯಿ, ಗೋಲಿಗೆ ಎಂಟಾಣೆ,
ಮಗ್ಗದ ಮುಂದೆ ನಿಲ್ಲದೆಯೂ ಹಾಜರಿ)
ಬಲಬೂಟಿನ ಮೂತಿ ವಾರಕ್ಕೊಮ್ಮೆ ಬಾಯಿ ಬಿಡುತ್ತಿತ್ತು.
"ಹೊಲ್ಕೊಡು ಮಾದಯ್ಯ, ಶನಿವಾರ ರೈಲ್ವೆಯವರ ಮೇಲೆ."
ಹೊಲಿದೆ. ಮೇಣದ ದಾರ, ಎರಡು ಸುತ್ತು.
ಸೋಮವಾರ ಕೆಸರಿನ ಜೊತೆ ಸುದ್ದಿ ಬರುತ್ತಿತ್ತು:
ಮೂರು. ಒಮ್ಮೆ ಐದು.
ದೊಡ್ಡ ಗಡಿಯಾರದವರೆಗೂ ಹೆಗಲ ಮೇಲೆ ಹೊತ್ತರಂತೆ.

ಆಮೇಲೆ ಎಡಬೂಟು ಬರತೊಡಗಿತು.
ಬಲ ಮಂಡಿಯ ಮಾತು ಅವನೂ ಎತ್ತಲಿಲ್ಲ, ನಾನೂ.

ಕೊನೆಯ ವರ್ಷ ಮೂತಿಗಳೆರಡೂ ಹೊಸದರಂತಿದ್ದವು;
ಸವೆದದ್ದು ಹಿಮ್ಮಡಿ.
ನಿಂತವನ ಬೂಟು ಅದು.
ಕೂಲಿ ಬೇಡ ಅಂದೆ. ಸಿಟ್ಟು ಬಂತು ಅವನಿಗೆ,
ನಾಲ್ಕಾಣೆ ಎಸೆದು ಹೋದ.

ಈಗ ಮಿಲ್ಲಿನ ಗೇಟಿನಲ್ಲಿ ಖಾಕಿ ತೊಟ್ಟು
ಹೆಂಗಸರ ಊಟದ ಡಬ್ಬಿ ತಡಕುವ ಕೆಲಸ.
ನಿನ್ನೆ ಚಪ್ಪಲಿ ತಂದ, ಬಲಗಾಲಿನದು,
ಉಂಗುಷ್ಟ ಕಿತ್ತು ಜೋತಿತ್ತು.
"ಏನಾಯ್ತು?"
ಅತ್ತ ನೋಡಿದ. "ದಾರೀಲಿ ಕಲ್ಲಿತ್ತು."
"ಎಷ್ಟು ದೂರ ಹೋಯ್ತು?"
"ಚರಂಡಿ ದಾಟಿ," ಅಂದ,
"ಎರಡು ದೀಪದ ಕಂಬದ ನಡುವೆ."