ಉಪ್ಪು ತಿಂದ ಗಾಜು

ಮದುಮಗಳ ಕಿರೀಟವಿದು, ಕಪ್ಪುಕಾಡಿನ ಕಣಿವೆಯದು.
ತೂಕ ಎರಡು ಕಿಲೋಗೆ ನಲವತ್ತು ಗ್ರಾಂ ಕಡಿಮೆ.
ಹಿತ್ತಾಳೆ ತಂತಿಗೆ ಪೋಣಿಸಿದ ಮಣಿಗಳನ್ನು
ಎಣಿಸಲು ಹೋಗಿ ಮುನ್ನೂರರಲ್ಲಿ ತಪ್ಪಿದೆ, ಎರಡು ಸಲ.

ಕೊಟ್ಟಾಕೆ ವಾಲ್ಬುರ್ಗಾ ಫೇರೆನ್‌ಬಾಖ್.
ಎಂಬತ್ತೊಂದು ವರ್ಷ, ಊರುಗೋಲಿಗೆ ಸೈಕಲ್ಲಿನ ಗಂಟೆ.
ವರ್ಷಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಾಳೆ:
"ಮುತ್ತಜ್ಜಿ ಇದನ್ನು ತೊಟ್ಟು ಅತ್ತಿದ್ದಳಂತೆ,
ಅದಕ್ಕೇ ಮಣಿಗಳೂ ಅಳುತ್ತವೆ."

ನಾನು ಕಡ್ಡಿಗೆ ಹತ್ತಿ ಸುತ್ತುತ್ತೇನೆ.
ಮಣಿಯ ಮೈ ಜಿಗುಟು, ಜ್ವರ ಇಳಿದ ಹಣೆಯಂತೆ.
ಕಾಗದದ ಪಟ್ಟಿ ತಾಗಿಸಿದರೆ
ಹಳದಿ ಹಸಿರಾಗಿ, ಹಸಿರು ನೀಲಿಗೆ ತಿರುಗಿ
ಕ್ಷಾರ ಎನ್ನುತ್ತದೆ.
ಕಣ್ಣೀರಲ್ಲ ವಾಲ್ಬುರ್ಗಾ, ಬಾಯಾರಿಕೆ.

ಬೀಚ್ ಮರ ಸುಟ್ಟು, ಬೂದಿ ತೊಳೆದು, ನೀರು ಬತ್ತಿಸಿ
ಮರಳಿಗೆ ಬೆರೆಸಿದವರು ಯಾರೋ, ಅವಸರದಲ್ಲಿದ್ದರು.
ಬೂದಿಯ ಸಾರ ಹೆಚ್ಚಿದರೆ ಗಾಜು ಬೇಗ ಕರಗುತ್ತದೆ,
ಸೌದೆ ಉಳಿಯುತ್ತದೆ.
ಸುಣ್ಣ ಒಂದು ಹಿಡಿ ಕಮ್ಮಿಯಾಯಿತು.
ಒಳಗಿನದನ್ನು ಒಳಗೇ ಹಿಡಿದಿಡುವ ಕೈ ಸುಣ್ಣದ್ದು;
ಅದಿಲ್ಲದೆ ಉಪ್ಪು ಮೆಲ್ಲಮೆಲ್ಲನೆ ಮೈಮೇಲೆ ಬಂತು.
ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಗಾಜೂ ಕುಡಿಯುತ್ತದೆ, ಬರಿಯ ಗಾಳಿಯಿಂದ.

ಸರಿ. ಆದರೆ ಈ ಕಿಲುಬು?
ಹಿತ್ತಾಳೆ ಗಾಜನ್ನು ಮುಟ್ಟುವಲ್ಲಿ ಮಾತ್ರ,
ಕೂದಲೆಳೆಯ ಅಗಲ, ಮೈಲುತುತ್ತದ ಬಣ್ಣ.
ಒಂದು ಬೆರಳಾಚೆ ತಂತಿ ನಿನ್ನೆ ಎಳೆದಂತಿದೆ.
ಸಾಸಿವೆ ಕಾಳಿನ ಕಾಲುಭಾಗ ಕೆರೆದು
ಸ್ಟುಟ್‌ಗಾರ್ಟಿಗೆ ಕಳಿಸಿದೆ. ಒಂಬತ್ತು ವಾರಕ್ಕೆ ಉತ್ತರ:
ತಾಮ್ರ, ಕ್ಷಾರ, ಮತ್ತೆ ಫಾರ್ಮೇಟ್.
ಇರುವೆ ಕಚ್ಚಿ ಬಿಡುತ್ತದಲ್ಲ, ಆ ಹುಳಿಯ ಉಪ್ಪು.

ಬೀಗ ಹಾಕಿದ ಬೀರುವಿನೊಳಗೆ ಇರುವೆ ಎಲ್ಲಿಂದ?

ಬೀರು ಮಾಡಿದವರು ಎಗಿನೊ,
ನನಗೆ ಹತ್ತಿ ಸುತ್ತಲು ಕಲಿಸಿದವರು.
ಎಪ್ಪತ್ತನಾಲ್ಕರ ಚಳಿಗಾಲ, ಸಂಬಳವಿಲ್ಲದ ಸಂಜೆಗಳಲ್ಲಿ
ಮರದ ಹೊಟ್ಟು ಒತ್ತಿದ ಹಲಗೆಗೆ ಓಕ್ ಪದರ ಅಂಟಿಸಿ
ಧೂಳು ನುಸುಳದಂತೆ ಸಂದುಸಂದಿಗೂ ಉಣ್ಣೆಪಟ್ಟಿ ಬಡಿದರು.
ಧೂಳು ನುಸುಳಲಿಲ್ಲ. ಏನೂ ಹೊರಹೋಗಲೂ ಇಲ್ಲ.
ಹಲಗೆಯೊಳಗಿನ ಅಂಟು ಐವತ್ತು ವರ್ಷ ಉಸಿರುಬಿಟ್ಟಿತು,
ಆ ಉಸಿರನ್ನು ಗಾಜಿನ ಬೆವರು ಕುಡಿಯಿತು,
ಕುಡಿದು ಹುಳಿಯಾಗಿಸಿ
ಪಕ್ಕದಲ್ಲಿದ್ದ ಹಿತ್ತಾಳೆಗೆ ದಾಟಿಸಿತು.

ಬೀರುವಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿದ್ದಾರೆ:
"ಇನ್ನು ಭಯವಿಲ್ಲ. ಎ."

ಕಿರೀಟಕ್ಕೆ ಈಗ ಉಕ್ಕಿನ ಪೆಟ್ಟಿಗೆ. ತೇವ ನೂರಕ್ಕೆ ನಲವತ್ತು;
ಅದಕ್ಕಿಂತ ಒಣಗಿದರೆ ಗಾಜು ಬಿರಿಯುತ್ತದೆ,
ಹೆಚ್ಚಿದರೆ ಮತ್ತೆ ಒದ್ದೆ.
ಒಂದು ಮಣಿಯನ್ನು ಒರೆಸದೆ ಬಿಟ್ಟಿದ್ದೇನೆ.
ಯಾಕೆಂದು ವರದಿಯಲ್ಲಿ ಬರೆದಿಲ್ಲ.

ಗುರುವಾರ ವಾಲ್ಬುರ್ಗಾ ಬಂದಳು.
"ಅಳು ನಿಂತಿತೇ?"
"ನಿಂತಿಲ್ಲ, ಅಳತೆಗೆ ಬಂದಿದೆ," ಅಂದೆ.
ಗಂಟೆ ಒಮ್ಮೆ ಬಾರಿಸಿದಳು, ಒಪ್ಪಿಗೆಗೋ ಅಣಕಕ್ಕೋ.

ಎಗಿನೊ ಅವರ ಬೀರು ನನ್ನ ಕೋಣೆಯಲ್ಲಿದೆ.
ಅದರಲ್ಲಿ ಕೊಡೆ, ಕೋಟು, ಚಹಾದ ಡಬ್ಬಿ.
ಬಾಗಿಲನ್ನು ಸ್ವಲ್ಪ ತೆರೆದೇ ಇಡುತ್ತೇನೆ.