ರಾತ್ರಿ ಪಾಳಿಯ ರಿಜಿಸ್ಟರು

ಕಪ್ಪು ಕಿಟಕಿಯಲ್ಲಿ ನಾನೇ ಕರೆದಾಗ
ಅದು ಕನ್ನಡ ಓದಿತು, ತುಸು ಮೂಗಿನಲ್ಲಿ, ಆದರೂ ಕನ್ನಡ.
ಹಾಲೇಶಪ್ಪನವರು ತಲೆದೂಗಿದರು.
ಮುಚ್ಚಿ ತೆರೆದರೆ ಮತ್ತೆ ಅದೇ ಪಾಡು:
'ಪಿಂಚಣಿ' ಎಂಬಲ್ಲಿ
"ಕನ್ನಡ ಲೆಟರ್, ಕನ್ನಡ ಲೆಟರ್" ಎಂದು
ಇಂಗ್ಲಿಷ್ ಗಂಟಲಲ್ಲಿ ಎಣಿಸುತ್ತದೆ.

ವಿನೋಬನಗರದ ಈ ಕೋಣೆಯಲ್ಲಿ ಇದು ಮೂರನೇ ಭಾನುವಾರ.
ತಾಳಗುಪ್ಪದ ರೈಲು ಕೂಗಿತು. ಅವರು ಗಡಿಯಾರದ ಮುಳ್ಳು ಮುಟ್ಟಿ
"ಹತ್ತು ನಿಮಿಷ ತಡ" ಎಂದರು.

ವಿವರಿಸಲು ಹೊರಟೆ:
ಸಾರ್, ಕಿಟಕಿಯಲ್ಲಿ ಹೇಳಿದ್ದು ಕಿಟಕಿಯ ಮಕ್ಕಳಿಗೆ ಮಾತ್ರ.
ಈ ಓದುವ ದನಿ ಅದರ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ.
ನೀವು ಪಾಸ್‌ವರ್ಡ್ ಒತ್ತಿದ ಕ್ಷಣವೇ
ಒಬ್ಬ ಮೇಸ್ತ್ರಿ ಎದ್ದು, ತೆರೆಮರೆಯ ಆಳುಗಳನ್ನು
ಒಬ್ಬೊಬ್ಬರನ್ನಾಗಿ ಎಬ್ಬಿಸುತ್ತಾನೆ.
ಬ್ಯಾಷ್ ಫೈಲಿನಲ್ಲಿ ನಾನು ಬರೆದಿಟ್ಟದ್ದನ್ನು
ಅವನು ಕಣ್ಣೆತ್ತಿಯೂ ನೋಡುವುದಿಲ್ಲ.

"ಗೊತ್ತಾಯ್ತು ಬಿಡಮ್ಮ. ಭದ್ರಾವತಿ ಟೆಲಿಫೋನ್ ಎಕ್ಸ್‌ಚೇಂಜು,
ಇಪ್ಪತ್ತೆರಡು ವರ್ಷ.
ಹಗಲು ಪಾಳಿಯವನು ಬಾಯಲ್ಲಿ ಹೇಳಿಹೋದದ್ದು
ರಾತ್ರಿಯವನಿಗೆ ಕೇಳಿದ್ದುಂಟೆ?
ಆಸ್ಪತ್ರೆ ನಂಬರು ಬದಲಾಗಿದೆ ಅಂತ ರುದ್ರೋಜಿ ಒಮ್ಮೆ
ಗಾಳಿಗೆ ಹೇಳಿ ಮನೆಗೆ ಹೋದ.
ಆ ರಾತ್ರಿ ಮೂರು ಸಲ ಯಾರದೋ ಮನೆ ರಿಂಗಾಯ್ತು.
ನಿನ್ನ ಮೇಸ್ತ್ರಿ ಯಾವ ರಿಜಿಸ್ಟರು ಓದ್ತಾನೆ, ಅದು ಹೇಳು."

ಹೇಳಿದೆ. ಚುಕ್ಕೆಯಿಂದ ಶುರುವಾಗುವ ಮರೆಯ ಫೋಲ್ಡರು,
ಒಳಗೆ ಇನ್ನೊಂದು, ಇಂಗ್ಲಿಷಿನ 'ಪರಿಸರ', ಬಾಲಕ್ಕೊಂದು ಡಿ.
ಅವರೇ ಟೈಪು ಮಾಡಿದರು:
ಹೆಸರು, ಸಮ ಚಿಹ್ನೆ, ಬೆಲೆ. ನಡುವೆ ಉಸಿರಿಗೂ ಜಾಗವಿಲ್ಲ.
ಮುಂದೆ ಎಕ್ಸ್‌ಪೋರ್ಟ್ ಬೇಡ, ಎಂದೆ.
"ರಿಜಿಸ್ಟರಿನಲ್ಲಿ ಯಾರೂ ಕೂಗೋದಿಲ್ಲ" ಎಂದರು.

ಲಾಗ್ ಔಟ್. ಲಾಗ್ ಇನ್.
ಕನ್ನಡ ಲೆಟರ್, ಕನ್ನಡ ಲೆಟರ್.
ನನ್ನ ಕಿವಿ ಬಿಸಿಯಾಯಿತು.
ಆಮೇಲೆ ಹೊಳೆಯಿತು: ನನ್ನ ಫೋನಿನಿಂದ ನಾನೇ ತೆರೆದಿಟ್ಟ
ಇನ್ನೊಂದು ಬಾಗಿಲು. ಒಬ್ಬರಾದರೂ ಒಳಗಿರುವ ತನಕ
ಮೇಸ್ತ್ರಿ ಮಲಗುವುದಿಲ್ಲ; ಮಲಗಿ ಏಳದವನು
ಹೊಸ ಪುಟ ತಿರುವುವುದಿಲ್ಲ.

ಪೂರ್ತಿ ಆರಿಸಿದೆವು. ಒಳಗಿನ ಪುಟ್ಟ ಫ್ಯಾನು ನಿಂತಿತು.
ನೂರಡಿ ರಸ್ತೆಯಲ್ಲಿ ಹೊಸನಗರದ ಬಸ್ಸು,
ಪಕ್ಕದ ಮನೆಯಲ್ಲಿ ಯಾರೋ ಟೈಲ್ಸು ಕೊಯ್ಯುತ್ತಿದ್ದರು.
ಮತ್ತೆ ಹಚ್ಚಿದೆವು.

"ಬ್ಯಾಟರಿ ಹನ್ನೊಂದು ಪ್ರತಿಶತ" ಎಂದಿತು ದನಿ,
ಮೂಗಿನಲ್ಲಿ, ಅಪ್ಪಟ ಕನ್ನಡದಲ್ಲಿ.

ಅವರು ನಗಲಿಲ್ಲ. ಪ್ಲಗ್ಗಿಗಾಗಿ ಗೋಡೆ ತಡವಿದರು.
ಆಮೇಲೆ ಬ್ರೈಲ್ ಪಟ್ಟಿ ತೆಗೆದು, ದಪ್ಪ ಕಾಗದದ ಮೇಲೆ
ಆ ಒಂದು ಸಾಲನ್ನು ಚುಕ್ಕಿ ಚುಕ್ಕಿಯಾಗಿ ಚುಚ್ಚಿ
ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಅಂಟಿಸಿಕೊಂಡರು,
ತಾರೀಖು ಹಾಕಿ, ಪಾಳಿ ಹಾಕಿ,
ನನ್ನ ಹೆಸರಿನ ಮೊದಲ ಅಕ್ಷರವನ್ನೂ.